ಎದೆಗೋಡೆಯ ಗಂಟು: ಬಿಡುವುದೋ, ತೆಗೆಸುವುದೋ, ತೆಗೆಸಿದರೆ ಹೇಗೆ?

ಎದೆಯ ಮೇಲೋ ಬೆನ್ನಿನಲ್ಲೋ ಪಕ್ಕೆಯಲ್ಲೋ ಒಂದು ಗಂಟು ಕೈಗೆ ಸಿಕ್ಕ ಕೂಡಲೇ ಎಲ್ಲರೂ ಕೇಳುವುದು ಒಂದೇ ಮಾತು: ಇದನ್ನು ತೆಗೆಸಿಬಿಡಬೇಕೇ? ನನ್ನ ಮಟ್ಟಿಗೆ ಅದು ಮೂರನೆಯ ಪ್ರಶ್ನೆ. ಗಂಟು ಯಾವ ಪದರದಲ್ಲಿದೆ ಎನ್ನುವುದು ಮೊದಲನೆಯದು, ಅದರ ಹೆಸರೇನು ಎನ್ನುವುದು ಎರಡನೆಯದು. ಇವೆರಡಕ್ಕೆ ಉತ್ತರ ಸಿಕ್ಕರೆ ಮೂರನೆಯದು ಬಹುಪಾಲು ತಾನಾಗಿಯೇ ಬಗೆಹರಿಯುತ್ತದೆ. ಉತ್ತರ ಸಿಗುವ ಮೊದಲೇ ಕತ್ತಿ ಹಾಕಿಸಿಕೊಂಡವರಲ್ಲಿ ಹೆಚ್ಚಿನವರಿಗೆ ಏನೂ ಆಗುವುದಿಲ್ಲ, ನಿಜ. ಆದರೆ ಎಡವಿದ ಕೆಲವರು ಪಡುವ ಪಾಡು ದೊಡ್ಡದು, ಮತ್ತು ಅದು ತಪ್ಪಿಸಬಹುದಾದದ್ದು.

ಮೊದಲು ಒಂದು ಗಡಿ ಹಾಕಿಕೊಳ್ಳೋಣ. ಸ್ತನದೊಳಗಿನ ಗಂಟು ಇಲ್ಲಿನ ವಿಷಯವಲ್ಲ. ಅದರ ತಪಾಸಣೆಯ ದಾರಿಯೇ ಬೇರೆ. ಗಂಡಸರಲ್ಲೂ ಮೊಲೆತೊಟ್ಟಿನ ಹಿಂದೆ ಗಟ್ಟಿಯಾದದ್ದೇನಾದರೂ ಸಿಕ್ಕರೆ ಅದನ್ನು ಸ್ತನದ ಗಂಟೆಂದೇ ಎಣಿಸಿ ತೋರಿಸಬೇಕು. ಇಲ್ಲಿ ಹೇಳುತ್ತಿರುವುದು ಎದೆಗೂಡನ್ನು ಹೊದ್ದಿರುವ ಚರ್ಮ, ಕೊಬ್ಬು, ಸ್ನಾಯು, ನರ, ರಕ್ತನಾಳಗಳಲ್ಲಿ ಹುಟ್ಟುವ, ಕ್ಯಾನ್ಸರ್ ಅಲ್ಲದ ಗಡ್ಡೆಗಳ ಬಗ್ಗೆ. ಗಡ್ಡೆಯೇ ಅಲ್ಲದ ಕೆಲವೂ ಇವೆ. ಮೈ ಇಳಿಸಿದವರು ಎದೆಮೂಳೆಯ ಕೆಳತುದಿಯ ಸಣ್ಣ ಎಲುಬನ್ನು ಮುಟ್ಟಿ ಗಾಬರಿಯಾಗುತ್ತಾರೆ. ಅದು ಮೊದಲಿನಿಂದಲೂ ಅಲ್ಲೇ ಇತ್ತು, ಮೇಲಿನ ಕೊಬ್ಬು ಕರಗಿದ್ದರಿಂದ ಈಗ ಕೈಗೆ ಸಿಕ್ಕಿದೆ. ಎದೆಮೂಳೆಯ ಪಕ್ಕದಲ್ಲಿ ಎರಡನೆಯ ಅಥವಾ ಮೂರನೆಯ ಪಕ್ಕೆಲುಬಿನ ಮೃದ್ವಸ್ಥಿ ಊದಿಕೊಂಡು ನೋಯುವುದೂ ಉಂಟು. ಟೀಟ್ಸೆ ಸಿಂಡ್ರೋಮ್ ಎಂದು ಅದರ ಹೆಸರು. ನೋವಿನ ಮಾತ್ರೆ ಮತ್ತು ಸ್ವಲ್ಪ ಕಾಲ, ಸಾಮಾನ್ಯವಾಗಿ ಇಷ್ಟರಲ್ಲೇ ಅದು ಶಮನವಾಗುತ್ತದೆ.

ಪದರವನ್ನು ಪತ್ತೆ ಮಾಡುವುದು

ಕನ್ನಡಿಯ ಮುಂದೆ ನಿಂತು ಎರಡೂ ಕೈಗಳನ್ನು ಸೊಂಟದ ಮೇಲಿಟ್ಟು ಒಳಕ್ಕೆ ಬಲವಾಗಿ ಒತ್ತಿ. ಎದೆಯ ದೊಡ್ಡ ಸ್ನಾಯು ಬಿಗಿಯುತ್ತದೆ. ಆಗಲೂ ಗಂಟು ಎದ್ದು ಕಾಣುತ್ತಿದ್ದು, ಬೆರಳಿಗೆ ಮೊದಲಿನಂತೆಯೇ ಅತ್ತಿತ್ತ ಸರಿದರೆ ಅದು ಸ್ನಾಯುವಿನ ಮೇಲೆ, ಚರ್ಮದಡಿಯ ಕೊಬ್ಬಿನಲ್ಲಿದೆ. ಮೊದಲು ಅಲುಗುತ್ತಿದ್ದದ್ದು ಈಗ ಅಲುಗದೆ ನಿಂತರೆ ಅದು ಸ್ನಾಯುವಿಗೆ ಅಂಟಿಕೊಂಡಿದೆ ಅಥವಾ ಸ್ನಾಯುವಿನೊಳಗೇ ಇದೆ. ಮಂಕಾಗಿ ಮರೆಯಾದರೆ ಸ್ನಾಯುವಿನ ಕೆಳಗಿದೆ. ಬೆನ್ನಿನ ಗಂಟಾದರೆ ಎರಡೂ ಅಂಗೈಗಳಿಂದ ಗೋಡೆಯನ್ನು ತಳ್ಳುತ್ತಾ ನಿಂತು ಮನೆಯವರಿಂದ ಮುಟ್ಟಿಸಿ ನೋಡಬೇಕು. ಮನೆಯ ಈ ಪರೀಕ್ಷೆ ವೈದ್ಯರ ತಪಾಸಣೆಗೆ ಬದಲಿಯಲ್ಲ. ಆದರೆ ಯಾರ ಬಳಿಗೆ, ಎಷ್ಟು ಬೇಗ ಹೋಗಬೇಕು ಎನ್ನುವುದಕ್ಕೆ ಒಂದು ಅಂದಾಜು ಕೊಡುತ್ತದೆ.

ಇದರ ಜೊತೆಗೆ ಐದು ಎಚ್ಚರಿಕೆಗಳನ್ನು ನೆನಪಿಡಿ: 5 ಸೆಂ.ಮೀ.ಗಿಂತ, ಅಂದರೆ ಹೆಚ್ಚುಕಡಿಮೆ ಒಂದು ದೊಡ್ಡ ನಿಂಬೆಹಣ್ಣಿಗಿಂತ, ದಪ್ಪಗಿರುವುದು; ಸ್ನಾಯುವಿನ ಹೊದಿಕೆಗಿಂತ ಆಳದಲ್ಲಿರುವುದು; ವಾರ ತಿಂಗಳುಗಳಲ್ಲಿ ಕಣ್ಣಿಗೆ ಕಾಣುವಂತೆ ಬೆಳೆಯುವುದು; ಹೊಸದಾಗಿ ನೋವು ಶುರುವಾಗುವುದು; ಒಮ್ಮೆ ತೆಗೆಸಿದ ಜಾಗದಲ್ಲೇ ಮತ್ತೆ ಬರುವುದು. ಇವುಗಳಲ್ಲಿ ಒಂದಿದ್ದರೂ ಆ ಗಂಟು ಸ್ಕ್ಯಾನ್ ಆಗದೆ ಶಸ್ತ್ರಚಿಕಿತ್ಸೆಯ ಮೇಜು ಹತ್ತಬಾರದು. ಎರಡು ಮೂರು ಸೇರಿದ್ದರೆ ಮೃದು ಅಂಗಾಂಶದ ಕ್ಯಾನ್ಸರ್, ಅಂದರೆ ಸಾರ್ಕೋಮಾ, ಅಲ್ಲವೆಂದು ಖಚಿತವಾಗುವವರೆಗೆ ಅದನ್ನು ಸಾರ್ಕೋಮಾ ಎಂದೇ ಎಣಿಸಿ ನಡೆಯಬೇಕು.

ಇಲ್ಲಿ ಒಂದು ತಪ್ಪು ಕಲ್ಪನೆಯನ್ನು ಬಿಡಿಸಬೇಕು. ‘ಕತ್ತಿ ತಾಗಿಸಿದರೆ ಗಂಟು ಕ್ಯಾನ್ಸರ್ ಆಗಿಬಿಡುತ್ತದೆ’ ಎಂಬ ಮಾತು ಹಳ್ಳಿಯಲ್ಲೂ ಇದೆ, ನಗರದಲ್ಲೂ ಇದೆ. ಕೊಬ್ಬಿನ ಗಡ್ಡೆ (ಲಿಪೋಮಾ) ಕ್ಯಾನ್ಸರ್ ಆಗಿ ಬದಲಾಗುವುದು ಇಲ್ಲವೆನ್ನುವಷ್ಟು ಅಪರೂಪ. ಕತ್ತಿಯಿಂದ ಅದು ಬದಲಾಗುವುದಿಲ್ಲ. ಆ ನಂಬಿಕೆಗೆ ಕಾರಣ ಬೇರೆ ಇದೆ. ಮೊದಲಿನಿಂದಲೂ ಸಾರ್ಕೋಮಾ ಆಗಿದ್ದದ್ದನ್ನು ಲಿಪೋಮಾ ಎಂದುಕೊಂಡು, ಸ್ಕ್ಯಾನ್ ಮಾಡಿಸದೆ, ಚೂರುಚೂರಾಗಿ ತೆಗೆದಾಗ ಜೀವಕೋಶಗಳು ಗಾಯದ ತುಂಬ ಉಳಿದು ಗಡ್ಡೆ ಮರಳುತ್ತದೆ. ಆಮೇಲೆ ಅದೇ ಜಾಗವನ್ನು ಇನ್ನೂ ಅಗಲವಾಗಿ ತೆಗೆಯಬೇಕು, ಚರ್ಮ ತಂದು ಮುಚ್ಚಬೇಕು, ವಿಕಿರಣವೂ ಬೇಕಾಗಬಹುದು. ಊರಿನವರು ಕಂಡದ್ದು ಇದನ್ನು. ತಪ್ಪು ಹೊರಿಸಿದ್ದು ಮಾತ್ರ ಕತ್ತಿಯ ಮೇಲೆ.

ಒಂದನ್ನೊಂದು ಹೋಲುವ ಗಂಟುಗಳು

ಅತಿ ಸಾಮಾನ್ಯವಾದದ್ದು ಕೊಬ್ಬಿನ ಗಡ್ಡೆ, ಅಂದರೆ ಲಿಪೋಮಾ. ಮೆತ್ತಗೆ, ನೋವಿಲ್ಲದೆ, ಅಂಚನ್ನು ಒತ್ತಿದರೆ ಬೆರಳಿನಡಿಯಿಂದ ಜಾರುತ್ತದೆ. ನಲವತ್ತು ದಾಟಿದವರಲ್ಲಿ ಹೆಚ್ಚು. ಪಥ್ಯ ಮಾಡಿದರೆ, ನಡೆದರೆ, ಮೈ ತೂಕ ಇಳಿಸಿದರೆ ಇದು ಕರಗುವುದಿಲ್ಲ. ಸುತ್ತಲಿನ ಕೊಬ್ಬು ಕರಗಿ ಇದೇ ಇನ್ನಷ್ಟು ಎದ್ದು ಕಾಣಬಹುದು. ಯುವಕರಲ್ಲಿ ಮೈಮೇಲೆ ಹಲವಾರು ಸಣ್ಣ ಗಂಟುಗಳಿದ್ದು ಮುಟ್ಟಿದರೆ ನೋಯುತ್ತಿದ್ದರೆ ಅವು ರಕ್ತನಾಳ ಬೆರೆತ ಆಂಜಿಯೋಲಿಪೋಮಾ ಆಗಿರಬಹುದು. ನೋವು ಕೊಟ್ಟರೂ ಅವು ಅಪಾಯಕಾರಿಯಲ್ಲ.

ಎರಡನೆಯದು ಚರ್ಮದ ಚೀಲದ ಗಂಟು, ಜನ ಸೆಬೇಷಿಯಸ್ ಸಿಸ್ಟ್ ಎನ್ನುವುದು. ನಡುವೆ ಸಣ್ಣ ಕಪ್ಪು ಚುಕ್ಕೆ ಕಂಡರೆ, ಚರ್ಮವನ್ನು ಬೇರೆಯಾಗಿ ಚಿವುಟಿ ಎತ್ತಲಾಗದಿದ್ದರೆ ಇದೇ. ಲಿಪೋಮಾಗೂ ಇದಕ್ಕೂ ಮುಖ್ಯ ವ್ಯತ್ಯಾಸ ಸ್ವಭಾವದಲ್ಲಿದೆ. ಲಿಪೋಮಾ ವರ್ಷಗಟ್ಟಲೆ ಸುಮ್ಮನಿರುತ್ತದೆ, ಸಿಸ್ಟ್ ಯಾವಾಗ ಬೇಕಾದರೂ ಕೆರಳಿ ಕೀವು ಕಟ್ಟಬಹುದು. ಆದ್ದರಿಂದ ಲಿಪೋಮಾವನ್ನು ಬಿಟ್ಟಿರಿ ಎನ್ನುವಷ್ಟು ಸುಲಭವಾಗಿ ಸಿಸ್ಟನ್ನು ಬಿಟ್ಟಿರಿ ಎನ್ನಲಾರೆ. ಶಾಂತವಾಗಿರುವಾಗಲೇ ಅದನ್ನು ಚೀಲಸಮೇತ ತೆಗೆಸುವುದು ಜಾಣತನ. ಕೀವು ತುಂಬಿದ ಮೇಲೆ ಹೋದರೆ ಆ ದಿನ ಕೀವು ಬಿಡಿಸಲಷ್ಟೇ ಸಾಧ್ಯ. ಊತ ಇಳಿದು ನಾಲ್ಕಾರು ವಾರವಾದ ಮೇಲೆ ಚೀಲ ತೆಗೆಯಲು ಮತ್ತೆ ಹೋಗಬೇಕು. ಮನೆಯಲ್ಲಿ ಹಿಂಡಿದರೆ ಚೀಲ ಒಳಗೇ ಒಡೆದು ಕೆರಳುತ್ತದೆ.

ಮೂರನೆಯದನ್ನು ನಮ್ಮ ದೇಶದಲ್ಲಿ ಎಂದಿಗೂ ಮರೆಯಬಾರದು: ಕ್ಷಯದ ತಣ್ಣನೆ ಕೀವುಗಂಟು. ಪಕ್ಕೆಲುಬಿಗೋ ಎದೆಯೊಳಗಿನ ಗ್ರಂಥಿಗಳಿಗೋ ಕ್ಷಯ ತಗುಲಿ, ಕೀವು ಮೆಲ್ಲಗೆ ಹೊರಕ್ಕೆ ಬಂದು ಚರ್ಮದಡಿ ನಿಲ್ಲುತ್ತದೆ. ಕೆಂಪಿಲ್ಲ, ಬಿಸಿಯಿಲ್ಲ, ಹೆಚ್ಚು ನೋವೂ ಇಲ್ಲ. ಮೆತ್ತಗಿರುವುದರಿಂದ ಕೊಬ್ಬಿನ ಗಡ್ಡೆಯೆಂದೇ ಕಾಣುತ್ತದೆ. ಸಂಜೆಯ ಸಣ್ಣ ಜ್ವರ, ತೂಕ ಇಳಿಕೆ ಇರಬಹುದು, ಇಲ್ಲದೆಯೂ ಇರಬಹುದು. ಇದನ್ನು ಲಿಪೋಮಾ ಎಂದು ಕುಯ್ದರೆ ಗಾಯ ಮಾಯದೆ ತಿಂಗಳುಗಟ್ಟಲೆ ಸೋರುತ್ತದೆ. ಅಲ್ಟ್ರಾಸೌಂಡಿನಲ್ಲಿ ದ್ರವ ಕಂಡರೆ ಸೂಜಿಯಿಂದ ತೆಗೆದು, ಕ್ಷಯದ ರೋಗಾಣುವನ್ನು ಪತ್ತೆಹಚ್ಚುವ ಸಿಬಿನಾಟ್ ಪರೀಕ್ಷೆಗೆ ಕಳಿಸಬೇಕು. ಕ್ಷಯವೆಂದು ಖಚಿತವಾದರೆ ಮುಖ್ಯ ಚಿಕಿತ್ಸೆ ಮಾತ್ರೆ. ಸರ್ಕಾರಿ ಆರೋಗ್ಯ ಕೇಂದ್ರಗಳಲ್ಲಿ ಅದು ಉಚಿತ. ಕತ್ತಿಗೆ ಇಲ್ಲಿ ಎರಡನೆಯ ಸ್ಥಾನ.

ನರದ ಗಂಟುಗಳು ಬೇರೆ ಬಗೆ. ಪ್ರತಿ ಪಕ್ಕೆಲುಬಿನ ಕೆಳ ಅಂಚಿನಲ್ಲಿ ಒಂದು ನರ ಸಾಗುತ್ತದೆ. ಅದರ ಹೊದಿಕೆಯಲ್ಲಿ ಶ್ವಾನೋಮಾ ಹುಟ್ಟಬಹುದು. ಗಂಟನ್ನು ತಟ್ಟಿದರೆ ಪಕ್ಕೆಯುದ್ದಕ್ಕೂ ಜುಮ್ಮೆನ್ನುವುದು ಇದರ ಗುರುತು. ಶ್ವಾನೋಮಾವನ್ನು ಬಹುಮಟ್ಟಿಗೆ ನರ ಉಳಿಸಿಕೊಂಡು ಬಿಡಿಸಿ ತೆಗೆಯಬಹುದು. ನ್ಯೂರೋಫೈಬ್ರೋಮಾ ನರದ ಎಳೆಗಳ ನಡುವೆಯೇ ಹರಡಿಕೊಂಡಿರುವುದರಿಂದ ಹಾಗೆ ಬಿಡಿಸುವುದು ಕಷ್ಟ. ಮೈಮೇಲೆ ಆರು ಅಥವಾ ಹೆಚ್ಚು ತಿಳಿ ಕಂದು ಮಚ್ಚೆಗಳು, ಕಂಕುಳಲ್ಲಿ ಸಣ್ಣ ಚುಕ್ಕೆಗಳು, ಹತ್ತಾರು ಮೆತ್ತನೆ ಗಂಟುಗಳು ಇದ್ದರೆ ಅದು ವಂಶವಾಹಿಯಲ್ಲಿ ಬರುವ ನ್ಯೂರೋಫೈಬ್ರೋಮಟೋಸಿಸ್. ಅಂಥವರಲ್ಲಿ ಎಲ್ಲ ಗಂಟು ತೆಗೆಯುವ ಮಾತೇ ಇಲ್ಲ. ತೊಂದರೆ ಕೊಡುವುದನ್ನು ಮಾತ್ರ ತೆಗೆಯುತ್ತಾರೆ. ಆಳದ ಗಂಟೊಂದು ಇದ್ದಕ್ಕಿದ್ದಂತೆ ಬೆಳೆಯತೊಡಗಿದರೆ ಅಥವಾ ರಾತ್ರಿ ನಿದ್ದೆಗೆಡಿಸುವಷ್ಟು ನೋಯತೊಡಗಿದರೆ ತಡಮಾಡಬಾರದು. ಈ ಕಾಯಿಲೆ ಇರುವವರಲ್ಲಿ ನರದ ಗಂಟು ಕ್ಯಾನ್ಸರ್ ಆಗುವ ಸಾಧ್ಯತೆ ನಿಜಕ್ಕೂ ಇದೆ, ಜೀವಮಾನದಲ್ಲಿ ಸುಮಾರು ನೂರಕ್ಕೆ ಹತ್ತು ಜನರಿಗೆ.

ಇನ್ನು, ಹೆಚ್ಚಿನವರು ಹೆಸರೇ ಕೇಳಿರದ ಎಲಾಸ್ಟೋಫೈಬ್ರೋಮಾ. 1961ರಲ್ಲಿ ಫಿನ್ಲೆಂಡಿನ ಯಾರ್ವಿ ಮತ್ತು ಸಾಕ್ಸೆನ್ ಎಂಬ ವೈದ್ಯರು ಇದನ್ನು ಮೊದಲು ವಿವರಿಸಿದರು. ಐವತ್ತು ದಾಟಿದವರಲ್ಲಿ, ಅದರಲ್ಲೂ ಹೆಂಗಸರಲ್ಲಿ, ಹೆಗಲಮೂಳೆಯ ಕೆಳತುದಿಗೂ ಪಕ್ಕೆಲುಬಿಗೂ ನಡುವೆ ಬೆಳೆಯುತ್ತದೆ. ಕೈ ಇಳಿಬಿಟ್ಟು ನಿಂತಾಗ ಬೆನ್ನು ಸಪಾಟಾಗಿಯೇ ಕಾಣುತ್ತದೆ. ಎರಡೂ ತೋಳುಗಳನ್ನು ಮುಂದಕ್ಕೆ ತಂದು ತನ್ನನ್ನು ತಾನೇ ತಬ್ಬಿಕೊಳ್ಳುವಂತೆ ನಿಂತಾಗ ಹೆಗಲಮೂಳೆ ಪಕ್ಕಕ್ಕೆ ಸರಿದು, ಅದರ ಅಡಿಯಿಂದ ಅಂಗೈಯಗಲದ ಗಟ್ಟಿ ಗಂಟು ಹೊರಬರುತ್ತದೆ. ಕೈ ಇಳಿಸಿದರೆ ಮತ್ತೆ ಒಳಗೆ. ಕೆಲವರಿಗೆ ತೋಳು ಆಡಿಸುವಾಗ ಲಟಕ್ಕೆಂದು ಸದ್ದಾಗುತ್ತದೆ. ಎರಡೂ ಕಡೆ ಇರುವುದು ಸಾಮಾನ್ಯ. ಆಳದಲ್ಲಿದೆ, 5 ಸೆಂ.ಮೀ. ಮೀರಿದೆ ಎಂದು ಮೇಲಿನ ಎಚ್ಚರಿಕೆಗಳ ಪ್ರಕಾರ ಇದು ಹೆದರಿಸಬೇಕಾದ ಗಂಟು. ಆದರೆ ಈ ಜಾಗ, ಈ ವಯಸ್ಸು, ಎಂ.ಆರ್.ಐ.ಯಲ್ಲಿ ಸ್ನಾಯುವಿನಂಥ ಅಂಗಾಂಶದ ನಡುವೆ ಕೊಬ್ಬಿನ ಗೆರೆಗಳು, ಈ ಮೂರೂ ಕೂಡಿದರೆ ಅನುಭವಿ ರೇಡಿಯಾಲಜಿಸ್ಟ್ ಬಯಾಪ್ಸಿ, ಅಂದರೆ ಗಂಟಿನ ಚೂರು ತೆಗೆದು ಮಾಡುವ ಪರೀಕ್ಷೆ, ಇಲ್ಲದೆಯೇ ಹೆಸರು ಹೇಳಬಲ್ಲರು. ನೋವಿಲ್ಲದಿದ್ದರೆ ಶಸ್ತ್ರಚಿಕಿತ್ಸೆ ಬೇಡ. ಕೆಲಸಕ್ಕೆ ಅಡ್ಡಿಯಾಗುವಷ್ಟು ನೋವಿದ್ದರೆ ಮಾತ್ರ ತೆಗೆಸಬಹುದು. ತೆಗೆದ ಜಾಗದಲ್ಲಿ ನೀರು ಅಥವಾ ರಕ್ತ ತುಂಬಿಕೊಳ್ಳುವುದು ಈ ಶಸ್ತ್ರಚಿಕಿತ್ಸೆಯಲ್ಲಿ ಬಹಳ ಸಾಮಾನ್ಯ. ಆದ್ದರಿಂದ ಕೆಲದಿನ ಡ್ರೇನ್ ನಳಿಗೆ ಇಟ್ಟಿರುತ್ತಾರೆ, ತೋಳಿಗೂ ವಿಶ್ರಾಂತಿ ಬೇಕು. ಹೊಟ್ಟೆಪಾಡಿಗೆ ತೋಳನ್ನೇ ನಂಬಿದವರು ಇದನ್ನು ಮೊದಲೇ ಲೆಕ್ಕ ಹಾಕಿಕೊಳ್ಳಬೇಕು.

ಡೆಸ್ಮಾಯ್ಡ್ ಎಂಬುದು ಇವೆಲ್ಲದರ ನಡುವೆ ವಿಚಿತ್ರ ಗಡ್ಡೆ. ದೇಹದ ಬೇರೆ ಭಾಗಕ್ಕೆ ಹಾರುವುದಿಲ್ಲ, ಆದ್ದರಿಂದ ಕ್ಯಾನ್ಸರ್ ಅಲ್ಲ. ಆದರೆ ಇರುವ ಜಾಗದಲ್ಲಿ ಸ್ನಾಯುವಿನೊಳಗೆ ಬೇರಿಳಿಸಿ ಹರಡುತ್ತದೆ. ಹಿಂದೆ ಕಂಡ ಕೂಡಲೇ ಪಕ್ಕೆಲುಬು ಸಮೇತ ಅಗಲವಾಗಿ ತೆಗೆಯುತ್ತಿದ್ದರು, ಆದರೂ ಮರಳುತ್ತಿತ್ತು. ಈಗಿನ ಪದ್ಧತಿ ತಿರುಗಿದೆ: ಮೊದಲು ಬಯಾಪ್ಸಿಯಿಂದ ಖಚಿತಪಡಿಸಿ, ಆಮೇಲೆ ಕೆಲವು ತಿಂಗಳಿಗೊಮ್ಮೆ ಎಂ.ಆರ್.ಐ. ಮಾಡುತ್ತಾ ಕಾಯುವುದು. ಹಲವರಲ್ಲಿ ಅದು ನಿಂತುಬಿಡುತ್ತದೆ, ಕೆಲವರಲ್ಲಿ ತಾನಾಗಿಯೇ ಕುಗ್ಗುತ್ತದೆ. ಬೆಳೆಯುತ್ತಲೇ ಹೋದವರಿಗೆ ಔಷಧಿಗಳಿವೆ. ಇದಕ್ಕೆಂದೇ ತಯಾರಾದ ನಿರೊಗಾಸೆಸ್ಟಾಟ್ ಮಾತ್ರೆಗೆ ಅಮೆರಿಕದಲ್ಲಿ 2023ರ ನವೆಂಬರ್‌ನಲ್ಲಿ ಅನುಮತಿ ಸಿಕ್ಕಿತು. ಡೆಸ್ಮಾಯ್ಡ್ ಎಂದು ವರದಿ ಬಂದ ಮೇಲೂ ಯಾರಾದರೂ ನಾಳೆಯೇ ತೆಗೆಯೋಣ ಎಂದರೆ ಕ್ಯಾನ್ಸರ್ ಕೇಂದ್ರದಲ್ಲಿ ಎರಡನೆಯ ಅಭಿಪ್ರಾಯ ಕೇಳಿ.

ಮಕ್ಕಳ ವಿಷಯ ಬೇರೆಯೇ. ಕೂಸಿನ ಎದೆಯ ಮೇಲಿನ ಕೆಂಪು ರಕ್ತನಾಳದ ಗಂಟು ಮೊದಲ ವರ್ಷ ಬೆಳೆದು ಆಮೇಲೆ ಕುಗ್ಗುತ್ತದೆ. ತೊಂದರೆ ಕೊಡುವಂಥದ್ದಕ್ಕೆ ಪ್ರೊಪ್ರನೊಲಾಲ್ ಎಂಬ ಔಷಧಿ ಕೆಲಸ ಮಾಡುತ್ತದೆಂದು 2008ರಲ್ಲಿ ಫ್ರಾನ್ಸಿನ ಬೋರ್ಡೋ ನಗರದ ವೈದ್ಯರು ಕಂಡುಕೊಂಡ ಮೇಲೆ ಕತ್ತಿಯ ಅಗತ್ಯವೇ ಬಹಳ ಕಡಿಮೆಯಾಗಿದೆ. ಕಂಕುಳ ಬಳಿಯ ನೀರುಗಂಟಿನಂಥ ಲಿಂಫ್ಯಾಂಜಿಯೋಮಾಗೆ ಹಲವು ಬಾರಿ ಇಂಜೆಕ್ಷನ್ ಚಿಕಿತ್ಸೆಯೇ ಸಾಕಾಗುತ್ತದೆ. ಇವೆರಡನ್ನೂ ಮಕ್ಕಳ ಶಸ್ತ್ರಚಿಕಿತ್ಸಕರಿಗೇ ತೋರಿಸಿ.

ಯಾವ ಪರೀಕ್ಷೆಗೆ ಹಣ ಹಾಕಬೇಕು

ಅಲ್ಟ್ರಾಸೌಂಡ್ ಎಲ್ಲಕ್ಕಿಂತ ಮೊದಲು. ಅಗ್ಗ, ವಿಕಿರಣವಿಲ್ಲ, ತಾಲ್ಲೂಕು ಕೇಂದ್ರಗಳಲ್ಲೂ ಸಿಗುತ್ತದೆ. ಗಂಟು ಯಾವ ಪದರದಲ್ಲಿದೆ, ಕೊಬ್ಬೋ ದ್ರವವೋ ಗಟ್ಟಿಯೋ, ಒಳಗೆ ರಕ್ತ ಹರಿಯುತ್ತಿದೆಯೋ ಇಲ್ಲವೋ ಇಷ್ಟನ್ನೂ ಹೇಳುತ್ತದೆ. ಚರ್ಮದಡಿಯ ಸಣ್ಣ ಲಿಪೋಮಾಗೆ ಇಷ್ಟೇ ಸಾಕು. ಅಂಥದ್ದಕ್ಕೂ ಎಂ.ಆರ್.ಐ. ಬರೆದುಕೊಟ್ಟರೆ ಏಕೆಂದು ಕೇಳಬಹುದು, ಕೇಳಬೇಕು.

ಎಂ.ಆರ್.ಐ. ಬೇಕಾಗುವುದು ಆಳದ್ದಕ್ಕೆ, ದೊಡ್ಡದಕ್ಕೆ, ಅಲ್ಟ್ರಾಸೌಂಡ್ ಖಚಿತ ಹೇಳದ್ದಕ್ಕೆ. ಗಡ್ಡೆ ಪೂರ್ತಿ ಕೊಬ್ಬೇ ಆಗಿದ್ದರೆ ನೆಮ್ಮದಿ. ಕೊಬ್ಬಿನ ನಡುವೆ 2 ಮಿ.ಮೀ.ಗಿಂತ ದಪ್ಪ ಗೋಡೆಗಳು, ಗಟ್ಟಿ ಉಂಡೆಗಳು ಕಂಡರೆ ಲಿಪೋಸಾರ್ಕೋಮಾದ, ಅಂದರೆ ಕೊಬ್ಬಿನ ಕ್ಯಾನ್ಸರಿನ, ಸಂಶಯ. ಸಿ.ಟಿ.ಗೆ ಬೇರೆ ಕೆಲಸ: ಪಕ್ಕೆಲುಬು ಸವೆದಿದೆಯೇ, ಗಂಟು ಎದೆಯೊಳಕ್ಕೆ ಉಬ್ಬಿದೆಯೇ ಎನ್ನುವುದನ್ನು ಅದು ಚೆನ್ನಾಗಿ ತೋರಿಸುತ್ತದೆ.

ಸೂಜಿ ಪರೀಕ್ಷೆಗಳಲ್ಲಿ ಎರಡು ಬಗೆ. ಸಣ್ಣ ಸೂಜಿಯ ಎಫ್.ಎನ್.ಎ.ಸಿ. ಬಿಡಿ ಜೀವಕೋಶಗಳನ್ನಷ್ಟೇ ಕೊಡುತ್ತದೆ. ಕೀವು, ಕ್ಷಯ, ಸಿಸ್ಟ್ ಪತ್ತೆಗೆ ಉಪಯುಕ್ತ, ಆಳದ ಗಟ್ಟಿ ಗಡ್ಡೆಗೆ ಸಾಲದು. ಕೋರ್ ಬಯಾಪ್ಸಿ ಅಂಗಾಂಶದ ಎಳೆಯನ್ನೇ ಕತ್ತರಿಸಿ ತರುತ್ತದೆ. ಸಂಶಯದ ಗಡ್ಡೆಗೆ ಸರಿಯಾದ ಪರೀಕ್ಷೆ ಇದೇ. ಆದರೆ ಸೂಜಿ ಹೋದ ದಾರಿಯನ್ನೂ ಮುಂದೆ ಗಡ್ಡೆಯೊಂದಿಗೇ ತೆಗೆಯುವಂತಿರಬೇಕು. ಹಾಗಾಗಿ ಮುಂದಿನ ಶಸ್ತ್ರಚಿಕಿತ್ಸೆ ಮಾಡುವವರೇ ಎಲ್ಲಿ ಚುಚ್ಚಬೇಕೆಂದು ತೀರ್ಮಾನಿಸಬೇಕು, ಮತ್ತು ಎಂ.ಆರ್.ಐ. ಬಯಾಪ್ಸಿಗಿಂತ ಮೊದಲೇ ಆಗಿರಬೇಕು.

ಬಿಡುವುದೋ, ತೆಗೆಸುವುದೋ

ಹೆಸರು ಖಚಿತವಾದ, ಚರ್ಮದಡಿಯ, ಸಣ್ಣ, ನೋವಿಲ್ಲದ ಲಿಪೋಮಾವನ್ನು ಬಿಟ್ಟುಬಿಡಿ ಎನ್ನುವುದೇ ನನ್ನ ಸಲಹೆ. ಆರು ತಿಂಗಳಿಗೊಮ್ಮೆ ಅಳತೆ ಬರೆದಿಟ್ಟುಕೊಳ್ಳಿ. ಪಕ್ಕದಲ್ಲಿ ಸ್ಕೇಲ್ ಇಟ್ಟು ಮೊಬೈಲಿನಲ್ಲಿ ತೆಗೆದ ಚಿತ್ರ ವೈದ್ಯರಿಗೆ ಮಾತಿಗಿಂತ ಹೆಚ್ಚು ಹೇಳುತ್ತದೆ. ಒಳಉಡುಪಿನ ಪಟ್ಟಿಯೋ ಚೀಲದ ಹಗ್ಗವೋ ಉಜ್ಜುವ ಜಾಗದಲ್ಲಿದ್ದರೆ, ಮಲಗಿದಾಗ ಒತ್ತುತ್ತಿದ್ದರೆ, ನಿಧಾನವಾಗಿಯಾದರೂ ಬೆಳೆಯುತ್ತಿದ್ದರೆ ತೆಗೆಸಬಹುದು. ಈಗ ತೆಗೆಸಿದರೆ ಸಣ್ಣ ಗಾಯ, ಆಮೇಲೆ ದೊಡ್ಡ ಗಾಯ. ಕಾರಣವಿಲ್ಲದೆಯೂ ಅದು ಮನಸ್ಸಿನಿಂದ ದೂರವಾಗುತ್ತಿಲ್ಲ, ದಿನಕ್ಕೆ ಹತ್ತು ಬಾರಿ ಕೈ ಅಲ್ಲಿಗೇ ಹೋಗುತ್ತದೆ ಎನ್ನುವುದೂ ನ್ಯಾಯವಾದ ಕಾರಣವೇ. ಅದನ್ನು ಹೇಳಿಕೊಳ್ಳಲು ಯಾರೂ ಸಂಕೋಚಪಡಬೇಕಿಲ್ಲ.

ಆದರೆ ಗಂಟು ಎಲ್ಲಿದೆ ನೋಡಿ. ಎದೆಮೂಳೆಯ ಮೇಲಿನ ಚರ್ಮ ಕೀಲಾಯ್ಡಿಗೆ ಹೆಸರುವಾಸಿ. ಗಾಯ ಮಾದ ಮೇಲೆ ಕಲೆ ನಿಲ್ಲದೆ ಉಬ್ಬಿ, ಕೆಂಪಾಗಿ, ತುರಿಸುತ್ತಾ ಗಾಯದ ಗಡಿಯನ್ನೂ ದಾಟಿ ಬೆಳೆಯುತ್ತದೆ. ನಮ್ಮಂಥ ಕಂದು ಮೈಬಣ್ಣದವರಲ್ಲಿ, ಚಿಕ್ಕ ವಯಸ್ಸಿನಲ್ಲಿ ಇದು ಹೆಚ್ಚು. ಎದೆಯ ನಡುವಿನ ಒಂದು ಸೆಂ.ಮೀ. ಗಂಟು ತೆಗೆಸಿ ಮೂರು ಸೆಂ.ಮೀ. ಕೀಲಾಯ್ಡ್ ಪಡೆಯುವುದು ಲಾಭದ ವ್ಯವಹಾರವಲ್ಲ. ಕಿವಿ ಚುಚ್ಚಿದ ಜಾಗವೋ, ಮೊಡವೆ ಕಲೆಯೋ, ಹಳೆಯ ಹೊಲಿಗೆಯೋ ಹೀಗೆ ಉಬ್ಬಿದ ಅನುಭವ ನಿಮಗೋ ಒಡಹುಟ್ಟಿದವರಿಗೋ ಇದ್ದರೆ ಅದನ್ನು ಶಸ್ತ್ರಚಿಕಿತ್ಸಕರಿಗೆ ಹೇಳಲೇಬೇಕು. ತೆಗೆಸುವುದು ಅನಿವಾರ್ಯವಾದರೆ ಮೊದಲ ತಿಂಗಳಿನಿಂದಲೇ ಸಿಲಿಕೋನ್ ಪಟ್ಟಿ, ಉಬ್ಬತೊಡಗಿದರೆ ಟ್ರಯಾಮ್ಸಿನೋಲೋನ್ ಎಂಬ ಸ್ಟೀರಾಯ್ಡ್ ಇಂಜೆಕ್ಷನ್ ಎಂದು ಮುಂಚೆಯೇ ಯೋಜಿಸಬೇಕು.

ಇದೇ ಜಾಗದಲ್ಲಿ ಇನ್ನೊಂದು ಮೋಸವೂ ಇದೆ. ಕೀಲಾಯ್ಡ್ ಎಂದೇ ಕಾಣುವ, ಚರ್ಮಕ್ಕೆ ಅಂಟಿದ, ವರ್ಷಗಳಲ್ಲಿ ಮೆಲ್ಲಗೆ ಹರಡುವ ಗಟ್ಟಿ ಪಟ್ಟೆ ಡರ್ಮಟೋಫೈಬ್ರೋಸಾರ್ಕೋಮಾ ಎಂಬ ಚರ್ಮದ ಸಾರ್ಕೋಮಾ ಆಗಿರಬಹುದು. ಗಾಯವೇ ಆಗದ ಜಾಗದಲ್ಲಿ ‘ಕೀಲಾಯ್ಡ್’ ಹುಟ್ಟಿದರೆ, ಅದೂ ಸ್ಟೀರಾಯ್ಡಿಗೆ ಬಗ್ಗದಿದ್ದರೆ, ಬಯಾಪ್ಸಿ ಕೇಳಿ.

ಪಕ್ಕೆಯಲ್ಲಿ, ಕಂಕುಳ ಕೆಳಗೆ ಸೆರೇಟಸ್ ಸ್ನಾಯುವಿನ ಮೇಲೆ ಒಂದು ಉದ್ದನೆಯ ನರ ಇಳಿಯುತ್ತದೆ. ಅದಕ್ಕೆ ಪೆಟ್ಟಾದರೆ ಹೆಗಲಮೂಳೆ ರೆಕ್ಕೆಯ ಹಾಗೆ ಹೊರಚಾಚಿ, ತೋಳನ್ನು ತಲೆಯ ಮೇಲೆ ಎತ್ತಲು ಕಷ್ಟವಾಗುತ್ತದೆ. ಅಲ್ಲೇ ಅಡ್ಡ ಹಾಯುವ ಇನ್ನೊಂದು ನರ ತುಂಡಾದರೆ ತೋಳಿನ ಒಳಮಗ್ಗುಲು ಜೋಮು ಹಿಡಿಯುತ್ತದೆ. ಆದ್ದರಿಂದ ಕಂಕುಳ ಗೋಡೆಯ ಆಳದ ಗಂಟು ಸಣ್ಣದಾದರೂ ಸಣ್ಣ ಕೆಲಸವಲ್ಲ.

ತೆಗೆಯುವ ವಿಧಾನಗಳ ನಡುವೆ ಆಯ್ಕೆ

ಸಾದಾ ತೆರೆದ ಶಸ್ತ್ರಚಿಕಿತ್ಸೆಯನ್ನೇ ಮೊದಲು ನೋಡೋಣ. ಮದ್ದು ಚುಚ್ಚುವ ಮುನ್ನ ಗಂಟಿನ ಅಂಚನ್ನು ಪೆನ್ನಿನಲ್ಲಿ ಗುರುತು ಹಾಕುತ್ತಾರೆ; ಚುಚ್ಚಿದ ಮೇಲೆ ಸುತ್ತೆಲ್ಲ ಊದಿಕೊಂಡು ಮೆತ್ತನೆಯ ಗಂಟು ಎಲ್ಲಿತ್ತೆಂದು ಬೆರಳಿಗೇ ಸಿಗದೆ ಹೋಗಬಹುದು. ಚರ್ಮದ ಸಹಜ ಗೆರೆಗಳಿಗೆ ಸಮನಾಗಿ ಗಾಯ ಮಾಡಿ, ಕೊಬ್ಬಿನ ಪದರ ದಾಟಿದರೆ ತೆಳು ಪೊರೆ ಹೊದ್ದ, ಸುತ್ತಲಿನ ಕೊಬ್ಬಿಗಿಂತ ತುಸು ಬೇರೆ ಹಳದಿಯ ಗೊಂಚಲು ಕಾಣುತ್ತದೆ. ಬೆರಳನ್ನು ಅದರ ಸುತ್ತ ಆಡಿಸಿ ಅಂಟು ಬಿಡಿಸಿ, ಎರಡು ಬದಿಯಿಂದ ಒತ್ತಿದರೆ ಇಡಿಯಾಗಿ ಹೊರಬರುತ್ತದೆ. ಎದೆಯ ಮುಂಭಾಗದಲ್ಲಿ ಹೀಗೆ ಗಂಟಿಗಿಂತ ಚಿಕ್ಕ ಗಾಯದಿಂದಲೂ ಹೊರತೆಗೆಯಲು ಆಗುತ್ತದೆ. ಬೆನ್ನಿನ ಮೇಲ್ಭಾಗದಲ್ಲಿ, ಕತ್ತಿನ ಹಿಂದೆ ಹಾಗಾಗುವುದಿಲ್ಲ. ಅಲ್ಲಿನ ಚರ್ಮ ದಪ್ಪ, ಗಡ್ಡೆ ನಾರಿನ ಎಳೆಗಳಿಂದ ಬಿಗಿದುಕೊಂಡಿರುತ್ತದೆ, ಒಂದೊಂದೇ ಎಳೆ ಕತ್ತರಿಸಿ ಬಿಡಿಸಬೇಕು. ಬೆನ್ನಿನ ಗಾಯ ದೊಡ್ಡದಾಗುತ್ತದೆ ಎಂದರೆ ವೈದ್ಯರಿಗೆ ಕೈಚಳಕವಿಲ್ಲವೆಂದು ತಿಳಿಯಬೇಡಿ.

ನಳಿಗೆಯಿಂದ ಕೊಬ್ಬನ್ನು ಹೀರಿ ತೆಗೆಯುವ ಲೈಪೋಸಕ್ಷನ್‌ನಲ್ಲಿ ಗಾಯ ಪುಟ್ಟದು, ಕಲೆ ಕಡಿಮೆ. ಆದರೆ ಪೊರೆ ಒಳಗೇ ಉಳಿಯುವುದರಿಂದ ಗಡ್ಡೆ ಮರಳುವ ಸಾಧ್ಯತೆ ಹೆಚ್ಚು, ಪ್ರಯೋಗಾಲಯಕ್ಕೆ ಹೋಗುವುದೂ ಚೂರುಗಳು. ಲಿಪೋಮಾ ಎಂದು ಮುಂಚೆಯೇ ಖಚಿತವಾದ, ಕಲೆಯೇ ದೊಡ್ಡ ಚಿಂತೆಯಾದ ಜಾಗಕ್ಕೆ ಮಾತ್ರ ಇದನ್ನು ಒಪ್ಪಬಹುದು. ಕೊಬ್ಬು ಕರಗಿಸುವ ಡಿಆಕ್ಸಿಕೋಲಿಕ್ ಆಮ್ಲದ ಇಂಜೆಕ್ಷನ್ನಿಗೆ 2015ರಲ್ಲಿ ಅಮೆರಿಕದಲ್ಲಿ ಅನುಮತಿ ಸಿಕ್ಕಿದ್ದು ಗದ್ದದ ಕೆಳಗಿನ ಕೊಬ್ಬಿಗೆ, ಗಡ್ಡೆಗಳಿಗಲ್ಲ. ಹೆಸರು ತಿಳಿಯದ ಗಂಟನ್ನು ಕರಗಿಸಿಬಿಟ್ಟರೆ ಅದು ಏನಾಗಿತ್ತೆಂದು ತಿಳಿಯುವ ದಾರಿಯೇ ಮುಚ್ಚುತ್ತದೆ. ನಾನು ಇದನ್ನು ಯಾರಿಗೂ ಸೂಚಿಸುವುದಿಲ್ಲ. ಬರೆ ಹಾಕಿಸುವುದು, ಸುಣ್ಣ ಹಚ್ಚುವುದು ಇವುಗಳಿಂದ ಸಿಗುವುದು ಸುಟ್ಟ ಗಾಯ ಮಾತ್ರ. ಎದೆಯ ಮೇಲಾದರೆ ಅದರ ಜೊತೆಗೆ ಕೀಲಾಯ್ಡ್.

ಜಾಗ ಮರಗಟ್ಟಿಸಿ ಮಾಡುವುದೋ, ಪೂರ್ತಿ ಅರಿವಳಿಕೆಯೋ? ಇದಕ್ಕೆ ಒಂದು ಲೆಕ್ಕವಿದೆ. ಅಡ್ರಿನಲಿನ್ ಬೆರೆತ ಲಿಗ್ನೊಕೇನ್ ಮದ್ದಿನ ಮಿತಿ ದೇಹದ ತೂಕದ ಪ್ರತಿ ಕಿಲೋಗೆ 7 ಮಿ.ಗ್ರಾಂ.; 60 ಕಿಲೋ ತೂಕದವರಿಗೆ 420 ಮಿ.ಗ್ರಾಂ., ಅಂದರೆ ಶೇ. 1ರ ದ್ರಾವಣ ಸುಮಾರು 40 ಮಿ.ಲೀ. ಸಣ್ಣ ಗಂಟಿಗೆ ಇದು ಧಾರಾಳ. ಅಂಗೈಯಗಲದ ಗಡ್ಡೆಗೆ, ಒಂದೇ ದಿನ ಎಂಟು ಹತ್ತು ಗಂಟು ತೆಗೆಯುವುದಕ್ಕೆ, ಸ್ನಾಯುವಿನೊಳಗಿನದ್ದಕ್ಕೆ ಸಾಲದು. ಅಂಥಲ್ಲಿ ಪೂರ್ತಿ ಅರಿವಳಿಕೆಯೇ ಸುರಕ್ಷಿತ. ಪಕ್ಕೆಲುಬುಗಳ ನಡುವಿನ ಗಂಟಿನಲ್ಲಿ ಇನ್ನೊಂದು ಕಾರಣವೂ ಇದೆ: ಕೆಳಗಿರುವುದು ಶ್ವಾಸಕೋಶದ ತೆಳು ಹೊದಿಕೆ, ಅದು ಹರಿದರೆ ಎದೆಯೊಳಕ್ಕೆ ಗಾಳಿ ನುಗ್ಗುತ್ತದೆ. ಅದನ್ನು ಅಲ್ಲೇ ಸರಿಪಡಿಸುವ ಅನುಕೂಲವಿರುವ ಕಡೆಯೇ ಆ ಶಸ್ತ್ರಚಿಕಿತ್ಸೆ ಆಗಬೇಕು.

ಯಾರ ಬಳಿ, ಎಲ್ಲಿ

ಚರ್ಮದಡಿಯ ಲಿಪೋಮಾ, ಸಿಸ್ಟ್ ಇವಕ್ಕೆ ತಾಲ್ಲೂಕು ಅಥವಾ ಜಿಲ್ಲಾ ಆಸ್ಪತ್ರೆಯ ಸಾಮಾನ್ಯ ಶಸ್ತ್ರಚಿಕಿತ್ಸಕರು ಸಾಕು. ಅದೇ ದಿನ ಮನೆಗೆ ಬರಬಹುದು. ಸಾರ್ಕೋಮಾ ಸಂಶಯ, ಡೆಸ್ಮಾಯ್ಡ್ ಇವಕ್ಕೆ ಬೆಂಗಳೂರಿನ ಕಿದ್ವಾಯಿಯಂಥ ಕ್ಯಾನ್ಸರ್ ಸಂಸ್ಥೆಯೋ ಆಂಕೋಸರ್ಜನ್ (ಕ್ಯಾನ್ಸರ್ ಶಸ್ತ್ರಚಿಕಿತ್ಸಕ) ಇರುವ ವೈದ್ಯಕೀಯ ಕಾಲೇಜು ಆಸ್ಪತ್ರೆಯೋ ಬೇಕು, ಅದೂ ಬಯಾಪ್ಸಿಗಿಂತ ಮೊದಲೇ. ಎದೆಯೊಳಕ್ಕೆ ಉಬ್ಬಿದ ನರದ ಗಂಟನ್ನು ಎದೆಯ ಶಸ್ತ್ರಚಿಕಿತ್ಸಕರು ಸಣ್ಣ ರಂಧ್ರಗಳ ಮೂಲಕ ಕ್ಯಾಮೆರಾ ಇಳಿಸಿ ತೆಗೆಯಬಲ್ಲರು. ಅದು ಬೆನ್ನುಮೂಳೆಯ ರಂಧ್ರದೊಳಕ್ಕೂ ಹೊಕ್ಕಿದೆಯೇ ಎಂದು ಎಂ.ಆರ್.ಐ.ಯಲ್ಲಿ ನೋಡಿರಲೇಬೇಕು. ಹೊಕ್ಕಿದ್ದರೆ ನರಶಸ್ತ್ರಚಿಕಿತ್ಸಕರೂ ಜೊತೆಗಿರಬೇಕು. ಹೊರಗಿನಿಂದ ಎಳೆದರೆ ಪೆಟ್ಟು ಬೀಳುವುದು ಬೆನ್ನುಹುರಿಗೆ.

ಖರ್ಚಿನ ಮಾತು. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿ.ಪಿ.ಎಲ್. ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ನೆರವಿದೆ, ಎ.ಪಿ.ಎಲ್. ಕುಟುಂಬಕ್ಕೆ ಪ್ಯಾಕೇಜ್ ದರದ ಶೇ. 30ರಷ್ಟು, ವರ್ಷಕ್ಕೆ 1.5 ಲಕ್ಷದ ಮಿತಿಯಲ್ಲಿ. ತುರ್ತಲ್ಲದ ಚಿಕಿತ್ಸೆಗೆ ಖಾಸಗಿ ಆಸ್ಪತ್ರೆಗೆ ಹೋಗಬೇಕಾದರೆ ಸರ್ಕಾರಿ ಆಸ್ಪತ್ರೆಯ ಶಿಫಾರಸು ಪತ್ರ ಬೇಕಾಗುತ್ತದೆ, ಆದ್ದರಿಂದ ಓಡಾಟವನ್ನು ಅಲ್ಲಿಂದಲೇ ಶುರು ಮಾಡಿ. ಖಾಸಗಿ ವಿಮೆ ಇರುವವರು ಗಮನಿಸಬೇಕಾದದ್ದು: ಹೊರರೋಗಿಯಾಗಿ ಮಾಡಿಸಿದ ಸಣ್ಣ ಶಸ್ತ್ರಚಿಕಿತ್ಸೆಯನ್ನು ಮತ್ತು ಅಂದಕ್ಕಾಗಿ ಮಾಡಿಸಿದ್ದನ್ನು ಹೆಚ್ಚಿನ ಪಾಲಿಸಿಗಳು ಒಪ್ಪುವುದಿಲ್ಲ. ನೋವು, ಬೆಳವಣಿಗೆ, ಸಂಶಯ ಇವುಗಳಲ್ಲಿ ನಿಜವಾದ ಕಾರಣ ಯಾವುದೋ ಅದು ವೈದ್ಯರ ಟಿಪ್ಪಣಿಯಲ್ಲಿ ಬರೆದಿರುವುದನ್ನು ಖಚಿತಪಡಿಸಿಕೊಂಡು, ಮುಂಗಡ ಅನುಮತಿ ಪಡೆಯಿರಿ.

ತೆಗೆದ ಮೇಲೆ

ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುವವರು ಅದನ್ನು ತಾವಾಗಿಯೇ ನಿಲ್ಲಿಸಬಾರದು. ಹೃದಯದ ವೈದ್ಯರನ್ನು ಕೇಳಬೇಕು. ಸಕ್ಕರೆ ಕಾಯಿಲೆ ಹತೋಟಿಯಲ್ಲಿದ್ದರೆ ಗಾಯ ಚೆನ್ನಾಗಿ ಮಾಯುತ್ತದೆ. ಎದೆಯ ಹೊಲಿಗೆ ಸಾಮಾನ್ಯವಾಗಿ 7ರಿಂದ 10 ದಿನಕ್ಕೆ, ಬೆನ್ನಿನದ್ದು 10ರಿಂದ 14 ದಿನಕ್ಕೆ ಬಿಚ್ಚುತ್ತಾರೆ. ಗಡ್ಡೆ ಇದ್ದ ಜಾಗದಲ್ಲಿ ಮೆತ್ತಗೆ ನೀರು ತುಂಬಿದರೆ ಗಡ್ಡೆ ವಾಪಸು ಬಂದಿತೆಂದು ಹೆದರಬೇಕಿಲ್ಲ. ಸೂಜಿಯಿಂದ ತೆಗೆಯಬಹುದು, ಎಷ್ಟೋ ಬಾರಿ ತಾನೇ ಇಂಗುತ್ತದೆ. ಜ್ವರ, ಕೆಂಪು, ಕೀವು, ಉಸಿರಾಡಲು ಕಷ್ಟ ಇವುಗಳಿಗೆ ಮಾತ್ರ ಅಂದೇ ಹೋಗಬೇಕು.

ತೆಗೆದದ್ದನ್ನು ನಿಮಗೆ ತೋರಿಸಿ ಕಸದ ಬುಟ್ಟಿಗೆ ಹಾಕಲು ಬಿಡಬೇಡಿ. ಅದು ಅಂಗಾಂಶ ಕೆಡದಂತೆ ಕಾಯುವ ಫಾರ್ಮಲಿನ್ ದ್ರಾವಣದ ಬಾಟಲಿಯಲ್ಲಿ, ನಿಮ್ಮ ಹೆಸರು ಮತ್ತು ಜಾಗದ ವಿವರದೊಂದಿಗೆ, ಅಂಗಾಂಶ ಪರೀಕ್ಷೆಗೆ ಹೋಗಬೇಕು. ಸಾಗಿಸುವ ಹೊಣೆ ಹಲವೆಡೆ ಮನೆಯವರ ಮೇಲೇ ಬೀಳುತ್ತದೆ. ಆಗ ಅದು ನೀರಿನಲ್ಲೋ ಸಲೈನ್‌ನಲ್ಲೋ ಅಲ್ಲ, ಫಾರ್ಮಲಿನ್‌ನಲ್ಲೇ ಇದೆಯೆಂದು ನೋಡಿಕೊಳ್ಳಿ. ವರದಿಯಲ್ಲಿ ಲಿಪೋಮಾ, ಆಂಜಿಯೋಲಿಪೋಮಾ, ಸ್ಪಿಂಡಲ್ ಸೆಲ್ ಲಿಪೋಮಾ ಎಂದಿದ್ದರೆ ಕೆಲಸ ಮುಗಿಯಿತು. ಎಟಿಪಿಕಲ್ ಲಿಪೋಮ್ಯಾಟಸ್ ಟ್ಯೂಮರ್ ಎಂದಿದ್ದರೆ ಆಂಕೋಸರ್ಜನ್ ನೋಡಬೇಕು, ಎಂ.ಡಿ.ಎಂ.2 ಎಂಬ ಜೀನ್ ಪರೀಕ್ಷೆ ಬೇಕಾಗಬಹುದು, ವರ್ಷಗಳ ಕಾಲ ತಪಾಸಣೆಯೂ. ಸಾರ್ಕೋಮಾ ಎಂಬ ಪದ ಯಾವ ರೂಪದಲ್ಲಿ ಕಂಡರೂ ಹೊಲಿಗೆ ಮಾಯಲಿ ಎಂದು ಕಾಯಬೇಡಿ. ಪ್ರಯೋಗಾಲಯದಿಂದ ಸ್ಲೈಡ್‌ಗಳನ್ನೂ ಅಂಗಾಂಶವನ್ನು ಮೇಣದಲ್ಲಿ ಹುದುಗಿಸಿಟ್ಟ ಪ್ಯಾರಾಫಿನ್ ಬ್ಲಾಕನ್ನೂ, ಆಸ್ಪತ್ರೆಯಿಂದ ಶಸ್ತ್ರಚಿಕಿತ್ಸೆಯ ಟಿಪ್ಪಣಿಯನ್ನೂ ಕೇಳಿ ಪಡೆದು, ಹಳೆಯ ಸ್ಕ್ಯಾನ್ ಚಿತ್ರಗಳ ಜೊತೆ ಅದೇ ವಾರ ಕ್ಯಾನ್ಸರ್ ಕೇಂದ್ರಕ್ಕೆ ಒಯ್ಯಿರಿ.